ನನ್ನ ನಲವತ್ತು ಕೆಲಸಗಾರರು

ಮಾರ್ಚ್ ೩, ಸೋಮವಾರ

ಈ ಊರಿನಲ್ಲಿ ತಿರುಗುವ ಮೋಟಾರುಗಳೆಲ್ಲ ನನ್ನ ಹೆಸರು ಹೇಳಿಕೊಂಡೇ ತಿರುಗುವುದು. ನಾನೊಂದು ದಿನ ಮೈ ಹುಷಾರಿಲ್ಲವೆಂದು ಮಲಗಿದರೆ ನಲ್ಲಿಯಲ್ಲಿ ನೀರಿಲ್ಲ, ಗಿರಣಿಯಲ್ಲಿ ಹಿಟ್ಟಿಲ್ಲ, ದೊಡ್ಡಾಸ್ಪತ್ರೆಯ ಲಿಫ್ಟು ಅರ್ಧದಲ್ಲೇ ನಿಲ್ಲುತ್ತದೆ. ಒಮ್ಮೆ ಮಂತ್ರಿಯೊಬ್ಬರು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು, ನನ್ನನ್ನು ಕರೆಸಿ ಎಂದು ಗೋಗರೆದರು. ಹೋಗಲಿಲ್ಲ. ಊಟಕ್ಕೆ ಕೂತಿದ್ದೆ.

ಇಂಥವನಿಗೆ ವೀಸಾ ಇಲ್ಲವಂತೆ.

ಬೆಳಗ್ಗೆ ಲಾಂಡ್ರಿಯವರ ಪಂಪು ಬಿಚ್ಚಿದೆ. ಒಳಗಿನ ತಾಮ್ರದ ಕಾಯಿಲ್ ಎಲ್ಲ ಸುಟ್ಟು ಕರಕಲು. ಉಳಿ ಹಿಡಿದು ತುದಿ ಕತ್ತರಿಸಿ, ಹಳೆಯ ತಂತಿ ಎಳೆದು ಹಾಕಿ, ಕೈ ಒರೆಸಿಕೊಂಡು ವೀಸಾ ಏಜೆಂಟನ ಆಫೀಸಿಗೆ ಹೋದೆ. ಎರಡನೇ ಮಹಡಿ. ಗೋಡೆ ತುಂಬ ವಿಮಾನದ ಚಿತ್ರಗಳು. ಕುರ್ಚಿ ಮೂರೇ. ಒಂದರ ಕಾಲು ಅಲ್ಲಾಡುತ್ತದೆ — ನನ್ನ ಪಾಲಿಗೆ ಅದೇ.

ವೀಸಾ ಇಲ್ಲವೆಂದ ಪತ್ರವನ್ನು ಏಜೆಂಟ್ ಓದಿ ಅರ್ಥ ಹೇಳಿದ. ಅಕ್ಕನಿಗೆ ಶ್ವಾಸಕೋಶದ ಕಾಯಿಲೆ, ಆ ದೇಶದಲ್ಲಿ ಮಗಳ ಮನೆಯಲ್ಲಿದ್ದಾಳೆ, ತಮ್ಮ ನೋಡಲು ಬರುತ್ತಾನೆ — ಇಷ್ಟನ್ನೂ ಒಪ್ಪಿದ್ದಾರೆ. ಒಪ್ಪದಿರುವುದು ನನ್ನನ್ನು. ನಲವತ್ತು ಜನ ಕೆಲಸಗಾರರ ಧಣಿ ಎಂದು ಬರೆದುಕೊಂಡವರ ಬ್ಯಾಂಕ್ ಖಾತೆಯಿಂದ ಒಬ್ಬನಿಗಾದರೂ ಸಂಬಳ ಹೋದ ಗುರುತಿಲ್ಲ. ಆದ್ದರಿಂದ ವರ್ಕ್‌ಶಾಪು ಇರುವುದೇ ಅನುಮಾನ. ವರ್ಕ್‌ಶಾಪೇ ಅನುಮಾನ ಎಂದ ಮೇಲೆ ಈ ಮನುಷ್ಯ ಹಿಂತಿರುಗುವುದೂ ಅನುಮಾನ.

ಹೊಸ ಅರ್ಜಿ ಹಾಕಿದರೂ ಇದೇ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ, ಅಪೀಲು ಮಾಡಿಬಿಡೋಣ ಎಂದ. ಅಪೀಲು… ಮಾತು ಚೆನ್ನಾಗಿದೆ. ಇಡೀ ಒಂದು ದೇಶದ ಮೇಲೆ ನಾನು ಕೇಸು ಹಾಕಿದ ಹಾಗೆ. ರುಜು ಮಾಡಿದೆ. ಎರಡು ಕಡೆ, ದಪ್ಪಗೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

“ಹಾಗಾದ್ರೆ ಸಂಜೆಗೆ ನಲವತ್ತೊಂದು ಲೋಟ ಟೀ ಇಡ್ಲಾ?”

ಕೆಲವು ಹೆಂಗಸರಿಗೆ ಗಂಡನ ಏಳಿಗೆ ಕಂಡರಾಗದು.

ಮಾರ್ಚ್ ೯, ಭಾನುವಾರ

ಅಕ್ಕನ ಫೋನು.

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಹಳ್ಳಿ ಶಾಲೆಗೆ ನಾನು ಏಳನೇ ಕ್ಲಾಸಿನಲ್ಲಿ ಬೆನ್ನು ಹಾಕಿದಾಗ, ಇವನ ಗತಿ ಏನಪ್ಪಾ ಎಂದು ಅತ್ತವಳು. ಆ ದೇಶಕ್ಕೆ ಹೋದ ಮೇಲೂ ಅದೇ ಚಿಂತೆ. ಪ್ರತಿ ಫೋನಿನಲ್ಲೂ — ಒಬ್ಬನೇ ಎಷ್ಟೂಂತ ದುಡೀತೀಯ, ಬೆನ್ನು ನೋವು ಹೇಗಿದೆ, ಕಣ್ಣು ಕಾಣುತ್ತಾ. ಕೇಳಲಾರದೆ ಒಂದು ಭಾನುವಾರ, ಒಬ್ಬನನ್ನು ಕೆಲಸಕ್ಕೆ ಇಟ್ಟುಕೊಂಡೆ ಎಂದೆ. ಅವಳ ಉಸಿರು ಹಗುರಾದದ್ದು ಇಲ್ಲಿಗೆ ಕೇಳಿಸಿತು.

ಅದರ ಮೇಲೆ ನಿಲ್ಲಿಸುವುದು ಹೇಗೆ? ಒಬ್ಬ ಮೂವರಾದ. ಮೂವರು ಹತ್ತಾದರು. ಉದ್ದಮೂಗ ಬಂದ, ಗೊಣಗ ಬಂದ, ಗಡ್ಡದವನು ಬಂದ. ಗಡ್ಡದವನ ಮಗಳ ಸ್ಕೂಲ್ ಫೀಸು ನಾನೇ ಕಟ್ಟಿದೆ. ಗೊಣಗನನ್ನು ಎರಡು ಸಲ ಕೆಲಸದಿಂದ ತೆಗೆದು, ಅವನ ಹೆಂಡತಿ ಬಂದು ಅತ್ತಿದ್ದಕ್ಕೆ ಮತ್ತೆ ಸೇರಿಸಿಕೊಂಡೆ. ಅಕ್ಕ ಒಬ್ಬೊಬ್ಬರನ್ನೂ ಹೆಸರು ಹಿಡಿದು ವಿಚಾರಿಸುತ್ತಾಳೆ. ನಲವತ್ತಕ್ಕೆ ನಿಲ್ಲಿಸಿದ್ದೇನೆ. ನನಗೂ ಒಂದು ಮಿತಿ ಇದೆ.

ವೀಸಾಕ್ಕೆ ಆಹ್ವಾನ ಪತ್ರ ಬರೆದದ್ದು ಅಕ್ಕನ ಮಗಳು ಪುಟ್ಟಿ. ಬರೆಸಿದ್ದು ಅಕ್ಕ. ಅದರಲ್ಲಿ ನಲವತ್ತು ಎಂದಿತ್ತು. ಏಜೆಂಟ್ ಅದನ್ನೇ ಅರ್ಜಿಗೆ ಇಳಿಸಿದ. ನಾನು ಅಲ್ಲ ಎನ್ನಲಿಲ್ಲ. ಓದುವಾಗ ಚೆನ್ನಾಗಿಯೇ ಕಾಣುತ್ತಿತ್ತು.

ಇವತ್ತು ಅವಳ ಮಾತಿಗಿಂತ ಆಕ್ಸಿಜನ್ ಯಂತ್ರದ ಸದ್ದೇ ಜಾಸ್ತಿ.

“ಯಾವಾಗ ಬರ್ತೀಯೋ?”

“ಅಪೀಲು ಹಾಕಿದ್ದೀನಿ ಅಕ್ಕ. ನೋಡ್ತಿರು, ಅವರೇ ಕಾರು ಕಳಿಸಿ ಕರ್ಕೊಂಡು ಹೋಗ್ತಾರೆ.”

“ಕಾರು ಬೇಡ. ಚಳಿಗಾಲಕ್ಕೆ ಮುಂಚೆ ಬಾ, ಸಾಕು.”

ಆಮೇಲೆ ಪುಟ್ಟಿ ಫೋನು ತೆಗೆದುಕೊಂಡು ಪಕ್ಕದ ಕೋಣೆಗೆ ಹೋದಳು. ಡಾಕ್ಟರ್ ಹೇಳಿದ್ದಾರಂತೆ. ಇನ್ನೊಂದು ಚಳಿಗಾಲ ಅವಳ ಎದೆ ತಡೆಯುವುದಿಲ್ಲ.

ಮಾರ್ಚ್ ೨೦, ಗುರುವಾರ

ಅಪೀಲು ಮುಟ್ಟಿದ್ದಕ್ಕೆ ರಸೀದಿ ಬಂತು. ನನ್ನ ಹೆಸರಿಗಿಂತ ಉದ್ದದ ಒಂದು ನಂಬರು.

ಮುಂದೇನು ಎಂದು ಏಜೆಂಟನನ್ನು ಕೂರಿಸಿಕೊಂಡು ಕೇಳಿದೆ. ಮೊದಲು ಅವರ ಕಡೆಯವರು ಉತ್ತರ ಕೊಡಬೇಕು. ಅದಕ್ಕೆ ಗಡುವಿದೆ, ಗಡುವು ದಾಟಿದರೆ ಯಾರೂ ಕೇಳುವುದಿಲ್ಲ. ಆಮೇಲೆ ನಮ್ಮ ಕಾಗದಪತ್ರ, ನನ್ನ ಹೇಳಿಕೆ, ಎಲ್ಲವೂ ಆ ಭಾಷೆಗೆ ಅನುವಾದವಾಗಿ ಹೋಗಬೇಕು. ಆಮೇಲೆ ವಿಚಾರಣೆಯ ದಿನ. ವಿಚಾರಣೆ ಅಲ್ಲಿ. ನಾನು ಹೋಗುವಂತಿಲ್ಲ — ಹೋಗಲು ವೀಸಾ ಬೇಕಲ್ಲ. ನನ್ನ ಬದಲು ಪುಟ್ಟಿ ಸಾಕ್ಷಿ. ಜೊತೆಗೆ ಅಲ್ಲಿಯ ವಕೀಲೆ. ಜಡ್ಜ್ ಅವತ್ತೇ ಏನೂ ಹೇಳುವುದಿಲ್ಲ, ತೀರ್ಪು ಬರೆದು ಕಳಿಸುತ್ತಾರೆ. ನಾವು ಗೆದ್ದರೂ ಅವರು ಮೇಲಿನ ಕೋರ್ಟಿಗೆ ಹೋಗಬಹುದು. ಹೋಗದಿದ್ದರೆ ಪಾಸ್‌ಪೋರ್ಟ್ ಮತ್ತೆ ಕಳಿಸಬೇಕು. ಅದಕ್ಕೂ ಸರದಿ.

ಒಟ್ಟು ಎಷ್ಟು ಕಾಲ ಎಂದೆ. ಏಜೆಂಟ್ ತಲೆಯೆತ್ತಿ ಫ್ಯಾನು ನೋಡಿದ. ನಾನೂ ನೋಡಿದೆ. ಕಿರ್ರೆನ್ನುತ್ತಿತ್ತು. ಒಳಗಿನ ಬುಷ್ ಸವೆದಿದೆ, ಬಿಚ್ಚಿ ಕೊಡಿ ಎಂದೆ.

ಫ್ಯಾನು ಹೊತ್ತುಕೊಂಡು ಮನೆಗೆ ಬಂದೆ. ಇವತ್ತಿನ ಗಳಿಕೆ ಇಷ್ಟೇ.

ಏಪ್ರಿಲ್ ೧೮

ಏನಿಲ್ಲ.

ಮೇ ೨೭

ಏನಿಲ್ಲ. ಅವರ ಗಡುವು ದಾಟಿತು. ಏಜೆಂಟ್ ಹೇಳಿದ್ದು ನಿಜ, ಯಾರೂ ಕೇಳಲಿಲ್ಲ.

ಐಸ್ ಫ್ಯಾಕ್ಟರಿಯ ಮೋಟಾರು ಬಂದಿದೆ. ದೊಡ್ಡದು. ತಿರುಗಿಸಿ ಮಲಗಿಸಲು ಒಬ್ಬನಿಗೆ ಆಗದು. ಹೆಂಡತಿ ಕೈ ಹಾಕಿದಳು. ನಲವತ್ತು ಜನಕ್ಕೂ ಇವತ್ತೇ ರಜೆಯಾ ಎಂದು ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ. ಅದು ಇನ್ನೂ ಬೇಜಾರು.

ಜೂನ್ ೩೦, ಸೋಮವಾರ

ಅವರ ಉತ್ತರ ಬಂತು. ದಪ್ಪ ಕಟ್ಟು. ಒಳಗೆ ನಮ್ಮ ಬೀದಿಯ ಫೋಟೋ — ಆಕಾಶದಿಂದ ತೆಗೆದದ್ದು. ನಮ್ಮ ಶೆಡ್ಡಿನ ತಗಡಿನ ಮೇಲೆ ಒಂದು ಸುತ್ತು ಹಾಕಿದ್ದಾರೆ. ಪಕ್ಕದಲ್ಲಿ ಉದ್ದಗಲ. ಈ ಜಾಗದಲ್ಲಿ ನಲವತ್ತು ಜನ ನಿಲ್ಲಬಹುದು, ಕೂತು ಕೆಲಸ ಮಾಡಲಾಗದು ಎಂದು ಬರೆದಿದ್ದಾರೆ. ಅಲ್ಲಿ ಕೂತು ನನ್ನ ತಗಡು ಅಳೆದವನ ಬುದ್ಧಿಗೆ ಮೆಚ್ಚಬೇಕು. ಕೆಲಸಕ್ಕೆ ಇಟ್ಟುಕೊಳ್ಳಬಹುದು. ನಲವತ್ತೊಂದನೆಯವನು.

ಏಜೆಂಟ್ ಬಾಗಿಲು ಮುಂದೆ ಮಾಡಿ ಬಂದು ಕೂತ. ಸಂಬಳದ ಪುಸ್ತಕ ಒಂದು ತಯಾರು ಮಾಡೋಣ, ಮೂರು ವರ್ಷದ್ದು, ಹೆಬ್ಬೆಟ್ಟಿನ ಗುರುತು ಒದಗಿಸುವವರು ನನಗೆ ಗೊತ್ತು ಎಂದ. ಹೆಸರು ಮಾತ್ರ ನೀವು ಕೊಡಿ ಯಜಮಾನ್ರೇ.

ಸುಳ್ಳೇಕೆ. ಖುಷಿಯಾಯಿತು. ಹೆಸರಿಗೇನು ಬರ ನನಗೆ?

ಜುಲೈ ೨

ಪುಟ್ಟಿ ಫೋನು. ಭಾನುವಾರವಲ್ಲ, ಆದ್ದರಿಂದ ಮೊದಲು ಅಕ್ಕ ಹೇಗಿದ್ದಾಳೆ ಎಂದೆ. ಅಕ್ಕ ಹಾಗೇ ಇದ್ದಾಳೆ, ಹೆದರಬೇಡಿ ಎಂದಳು. ಅವಳೂ ಆ ಕಟ್ಟು ಓದಿದ್ದಾಳೆ. ಇಲ್ಲಿಂದ ಹೋಗುವಾಗ ಚಿಕ್ಕ ಹುಡುಗಿ. ಆಗ ಶೆಡ್ಡಿನಲ್ಲಿ ನಾನೊಬ್ಬನೇ ಇದ್ದದ್ದು ನೆನಪಿದೆಯಂತೆ. ಆಮೇಲೆ ಬೆಳೆದಿರಬೇಕು ಎಂದುಕೊಂಡಿದ್ದಳಂತೆ.

“ಮಾವ, ಕೋರ್ಟಲ್ಲಿ ನಿಂತು ಹೇಳೋಳು ನಾನು. ಎಷ್ಟು ಜನ ಇದ್ದಾರೆ?”

ಅವಳು ಆಸ್ಪತ್ರೆಯಲ್ಲಿ ನರ್ಸು. ಕೋರ್ಟಿನಲ್ಲಿ ಸುಳ್ಳಾಡಿ ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಊಟ ಹೋಗುತ್ತದೆ, ಅಕ್ಕನ ಆಕ್ಸಿಜನ್ ಹೋಗುತ್ತದೆ. ಅವಳು ಇದನ್ನು ಹೇಳಲಿಲ್ಲ. ನನಗೆ ತಾನಾಗಿ ಲೆಕ್ಕ ಸಿಕ್ಕಿತು.

ಕೆಮ್ಮಿದೆ. ನೀರು ಕುಡಿದೆ. ಗಡ್ಡದವನ ಮುಖ ಕಣ್ಣ ಮುಂದೆ ಬಂತು. ಪಾಪ.

ಒಬ್ಬ, ಎಂದೆ. ನನ್ನನ್ನೂ ಸೇರಿಸಿ.

ನಗುತ್ತಾಳೆಂದುಕೊಂಡೆ. ನಗಲಿಲ್ಲ. ಹಾಗಾದರೆ ನಿಜವನ್ನೇ ಬರೆದು ಕಳಿಸಿ, ನಿಜ ಹೇಳಿದರೆ ಒಂದು ದಾರಿ ಇದೆ ಎಂದು ವಕೀಲೆ ಅನ್ನುತ್ತಾರೆ ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, ಅಮ್ಮನಿಗೆ ಗೊತ್ತಾ? ಗೊತ್ತಿಲ್ಲ, ಹೇಳಬೇಡ ಎಂದೆ. ಅವಳ ನಿದ್ದೆ ಅದರ ಮೇಲೆ ನಿಂತಿದೆ.

ಜುಲೈ ೫

ಹೇಳಿಕೆ ಬರೆದೆ. ಪಂಪಿಗೆ ತಂತಿ ಸುತ್ತುವುದಕ್ಕಿಂತ ಕಷ್ಟ. ತಂತಿಯಾದರೆ ಒಂದು ಸುತ್ತು ತಪ್ಪಿದರೆ ಬಿಚ್ಚಬಹುದು.

“ನನ್ನ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವನು ನಾನೊಬ್ಬನೇ. ನಲವತ್ತು ಜನ ಇಲ್ಲ. ಎಂದೂ ಇರಲಿಲ್ಲ. ನನ್ನ ಅಕ್ಕ ಚಿಂತೆ ಮಾಡಬಾರದೆಂದು ಹಾಗೆ ಹೇಳುತ್ತ ಬಂದೆ. ಅದೇ ಅರ್ಜಿಗೂ ಹೋಯಿತು. ನಾನು ಹಿಂತಿರುಗಿ ಬರುತ್ತೇನೆ, ಏಕೆಂದರೆ ಶೆಡ್ಡಿನ ಬಾಗಿಲು ತೆಗೆಯಲು ಇನ್ನೊಬ್ಬನಿಲ್ಲ.”

ಏಜೆಂಟ್ ಓದಿ, ಕೈಯಾರೆ ಹಾಳಾಗ್ತಿದ್ದೀರಿ ಎಂದ. ಆದರೂ ಅನುವಾದದ ಹಣ ಎಣಿಸಿಕೊಂಡ.

ಹೆಂಡತಿಗೂ ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು ಓದಿದಳು. ಮಡಚಿದಳು.

“ಗಡ್ಡದವನ ಮಗಳ ಓದು ಮುಗೀತಾ?”

“ಕೊನೇ ವರ್ಷ.”

“ಪಾಪ. ಈಗ ಫೀಸು ಯಾರು ಕಟ್ತಾರೋ” ಎಂದು ಒಳಗೆ ಹೋದಳು.

ಸೆಪ್ಟೆಂಬರ್ ೧೪, ಭಾನುವಾರ

ಅಕ್ಕನಿಗೆ ಈಗ ಒಂದು ಉಸಿರಿಗೆ ಮೂರು ಮಾತು. ಅದಕ್ಕೇ ಆರಿಸಿ ಆಡುತ್ತಾಳೆ. ಬೈಯುವ ಮಾತನ್ನು ಮಾತ್ರ ಬಿಟ್ಟಿಲ್ಲ.

ಇವತ್ತು ಗೆಲುವಾಗಿದ್ದಳು. ನಿನಗೊಂದು ಕೆಲಸ ಮಾಡಿಟ್ಟಿದ್ದೀನಿ ಕತ್ತೆ, ಬಂದ ಮೇಲೆ ಹೇಳ್ತೀನಿ ಎಂದಳು. ಏನೆಂದು ಎಷ್ಟು ಕೇಳಿದರೂ ನಗು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಪುಟ್ಟಿ ಬಂದು ಫೋನಿಟ್ಟಳು.

ಸ್ವೆಟರ್ ಹೆಣೆಸಿದ್ದಾಳೇನೋ. ಎರಡು ತೋಳೂ ಒಂದೇ ಅಳತೆ ಇದ್ದರೆ ಸಾಕು.

ನವೆಂಬರ್ ೬, ಗುರುವಾರ

ವಿಚಾರಣೆಗೆ ದಿನ ಗೊತ್ತಾಯಿತು. ಈ ತಿಂಗಳು ಇಪ್ಪತ್ತೈದು.

ಏಜೆಂಟನ ಸ್ವರವೇ ಬೇರೆ. ನಿಮ್ಮದು ನಿಜದ ಕೇಸು, ಗೆದ್ದ ಹಾಗೇ, ಟಿಕೆಟ್ ಈಗಲೇ ತೆಗೆದರೆ ಅಗ್ಗ ಎಂದ. ತೆಗೆದೆ. ವಾಪಸ್ ಕೊಡಲು ಬಾರದ ಟಿಕೆಟ್ಟಂತೆ. ವಾಪಸ್ ಕೊಡುವವನು ಯಾರು? ಕಿಟಕಿ ಪಕ್ಕದ ಸೀಟು ಕೇಳಿದ್ದೇನೆ. ಪೈಲಟ್ಟಿಗೆ ದಾರಿ ಅನುಮಾನವಾದರೆ ಇರಲಿ ಎಂದು.

ಅಲ್ಲಿ ಹಿಮ ಬಿದ್ದಿದೆ ಎಂದು ಪುಟ್ಟಿ ಬರೆದಿದ್ದಾಳೆ. ಬೇರೇನೂ ಬರೆದಿಲ್ಲ.

ನವೆಂಬರ್ ೨೫, ಮಂಗಳವಾರ

ಇವತ್ತು ವಿಚಾರಣೆ. ಅಂಗಡಿ ತೆಗೆದು ಕೂತೆ. ಕೈ ಓಡಲಿಲ್ಲ. ಕಾಯಿಲ್ ಸುತ್ತಲು ಹೋಗಿ ಎಣಿಕೆ ತಪ್ಪಿತು. ಬಿಚ್ಚಿದೆ. ಮತ್ತೆ ಸುತ್ತಿದೆ, ಮತ್ತೆ ತಪ್ಪಿತು. ಬಾಗಿಲು ಹಾಕಿದೆ.

ಫೋನಿಲ್ಲ.

ನವೆಂಬರ್ ೨೬, ಬುಧವಾರ

ಪುಟ್ಟಿ ಫೋನು ಮಾಡಿದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದಳು. ಮನೆಯಿಂದ ಮಾಡಿದರೆ ಅಕ್ಕನಿಗೆ ಕೇಳಿಸುತ್ತದೆಂದು.

ಮೊದಲೆಲ್ಲ ಚೆನ್ನಾಗಿಯೇ ನಡೆಯಿತಂತೆ. ನನ್ನ ಹೇಳಿಕೆ ಓದುವಾಗ ಶೆಡ್ಡಿನ ಬಾಗಿಲಿನ ಮಾತಿಗೆ ಜಡ್ಜಮ್ಮ ಸ್ವಲ್ಪ ನಕ್ಕರಂತೆ. ಆಮೇಲೆ ಫೈಲಿನಿಂದ ಇನ್ನೊಂದು ಕಾಗದ ತೆಗೆದು, ಇದು ನಿಮ್ಮ ತಾಯಿಯ ಕಾಗದವೇ ಎಂದು ಕೇಳಿದರಂತೆ.

ಪುಟ್ಟಿಗೂ ಗೊತ್ತಿಲ್ಲ, ವಕೀಲೆಗೂ ಗೊತ್ತಿಲ್ಲ. ಮನೆಗೆ ಬಂದು ಅಕ್ಕನನ್ನು ನೋಡಿಕೊಳ್ಳುವ ಆಯಾ ಕೈಯಲ್ಲಿ ಬರೆಸಿ, ಅಕ್ಕ ನೇರವಾಗಿ ಕೋರ್ಟಿಗೇ ಹಾಕಿಸಿದ್ದಾಳೆ. ಪುಟ್ಟಿಯ ಮೇಜಿನ ಮೇಲಿದ್ದ ಕಟ್ಟು ನೋಡಿ, ಅಪೀಲಿನ ಉದ್ದ ನಂಬರನ್ನೂ ಸರಿಯಾಗಿ ಬರೆಸಿದ್ದಾಳೆ.

ನಾಲ್ಕು ಪುಟ. ನನ್ನ ತಮ್ಮ ಸುಳ್ಳಾಡುವವನಲ್ಲ. ನಲವತ್ತು ಜನಕ್ಕೆ ಅನ್ನ ಹಾಕುವವನು. ಉದ್ದಮೂಗ ಎಂಬವನಿಗೆ ಕಾಲು ಮುರಿದಾಗ ಕೂರಿಸಿ ಸಂಬಳ ಕೊಟ್ಟ. ಗಡ್ಡದವನ ಮಗಳನ್ನು ಓದಿಸುತ್ತಿದ್ದಾನೆ. ಗೊಣಗ ಎಂಬವನ ಬೈಗುಳ ಸಹಿಸಿಕೊಂಡು ಎರಡು ಸಲ ಕೆಲಸ ಕೊಟ್ಟ. ಇಷ್ಟು ಜನರನ್ನು ಬಿಟ್ಟು ಅವನು ನಿಮ್ಮ ದೇಶದಲ್ಲಿ ಏಕೆ ಉಳಿಯುತ್ತಾನೆ? ಇದೆಲ್ಲ ಕಣ್ಣಾರೆ ಕಂಡ ಹಾಗೆ ನನಗೆ ಗೊತ್ತು.

ಸಾಲು ಸಾಲಾಗಿ ಪುಟ್ಟಿ ಓದಿದಳು. ನಾನು ಭಾನುವಾರ ಭಾನುವಾರ ಹೇಳಿದ್ದು. ಒಂದೂ ಬಿಟ್ಟಿಲ್ಲ. ನಾನು ಮರೆತದ್ದು ಕೂಡ ಇತ್ತು.

ಇಬ್ಬರಲ್ಲಿ ಯಾರನ್ನು ನಂಬಬೇಕು ಎಂದು ಜಡ್ಜಮ್ಮ ಕೇಳಿದ್ದಾರೆ. ಮಾವ ಬರೆದದ್ದು ನಿಜ, ಅಮ್ಮನಿಗೆ ಅದು ಗೊತ್ತಿಲ್ಲ ಎಂದಳಂತೆ ಪುಟ್ಟಿ. ಆಗ ಎದುರು ಕಡೆಯ ವಕೀಲ ಎದ್ದು ನಿಂತನಂತೆ. ಜೋರಾಗಿ ಏನೂ ಮಾತಾಡಲಿಲ್ಲವಂತೆ. ಸಾಕಿದ ಅಕ್ಕನಿಗೇ ಇಷ್ಟು ವರ್ಷ ಹೀಗೆ ಹೇಳಿದವರು, ಗುರುತಿಲ್ಲದ ನಮಗೆ ಮಾತ್ರ ನಿಜ ಹೇಳುತ್ತಾರೆಂದು ಹೇಗೆ ತಿಳಿಯುವುದು? ಇಷ್ಟೇ ಕೇಳಿ ಕೂತನಂತೆ.

ಇದಕ್ಕೊಂದು ಉತ್ತರ ಇಡೀ ದಿನ ಹುಡುಕಿದೆ.

ಡಿಸೆಂಬರ್ ೩

ಅಕ್ಕ ಆಸ್ಪತ್ರೆಯಲ್ಲಿ. ತೀರ್ಪು ಬಂದಿಲ್ಲ.

ಡಿಸೆಂಬರ್ ೧೧

ಮನೆಗೆ ಕರೆತಂದಿದ್ದಾರೆ. ಇನ್ನು ಆಸ್ಪತ್ರೆಗೆ ಬೇಡ ಎಂದು ಡಾಕ್ಟರೇ ಹೇಳಿದರಂತೆ. ಅದರ ಅರ್ಥವನ್ನು ಪುಟ್ಟಿ ಹೇಳಲಿಲ್ಲ.

ಡಿಸೆಂಬರ್ ೧೯, ಶುಕ್ರವಾರ

ತೀರ್ಪು.

ಏಜೆಂಟ್ ಓದಿದ. ಇವತ್ತು ಗಟ್ಟಿ ಕುರ್ಚಿ ಕೊಟ್ಟ. ಆಗಲೇ ಗೊತ್ತಾಯಿತು.

ಬೈದಿಲ್ಲ. ಮರ್ಯಾದೆಯಾಗಿ ಬರೆದಿದ್ದಾರೆ. ಅರ್ಜಿದಾರರಿಗೆ ಅಕ್ಕನ ಮೇಲಿರುವ ಅಕ್ಕರೆಯಲ್ಲಿ ನಮಗೆ ಅನುಮಾನವಿಲ್ಲ. ಅವರ ಮಾತಿನಲ್ಲಿ ಅನುಮಾನವಿದೆ. ಅಪೀಲು ವಜಾ.

ಮೇಲಿನ ಕೋರ್ಟಿಗೆ ಹೋಗಬಹುದು, ಇನ್ನೊಂದು ವರ್ಷ ಹಿಡಿಯಬಹುದು ಎಂದ. ಅವನ ಮುಖ ನೋಡಿದೆ. ಅವನೂ ಅಲ್ಲಿಗೇ ನಿಲ್ಲಿಸಿದ.

ಹೆಂಡತಿ ತಟ್ಟೆ ಇಟ್ಟಳು. ಇಬ್ಬರೂ ಉಂಡೆವು. ಕೈ ತೊಳೆಯುವಾಗ, ಅವರಿಗೆ ಏನಂತ ಹೇಳ್ತೀರಿ ಎಂದಳು. ಅವರು ಎಂದರೆ ಅಕ್ಕ. ಅಕ್ಕನಿಗೆ ಗೊತ್ತಿರುವುದು ಇಷ್ಟೇ — ತಾನು ಕಾಗದ ಹಾಕಿದ್ದೇನೆ, ತಮ್ಮ ಬರುತ್ತಾನೆ. ಆ ಕಾಗದವೇ ಬಾಗಿಲು ಹಾಕಿತು ಎಂದು ಹೇಳಿದರೆ, ಇರುವ ನಾಲ್ಕು ಉಸಿರನ್ನೂ ಅದರ ಮೇಲೇ ಕಳೆಯುತ್ತಾಳೆ.

ಪುಟ್ಟಿಗೆ ಮೆಸೇಜು ಹಾಕಿದೆ. ನೀನೇನೂ ಹೇಳಬೇಡ. ನಾನೇ ಮಾತಾಡುತ್ತೇನೆ.

ಡಿಸೆಂಬರ್ ೨೧, ಭಾನುವಾರ

ಪುಟ್ಟಿ ಫೋನನ್ನು ಅಕ್ಕನ ಕಿವಿಗೆ ಹಿಡಿದುಕೊಂಡಿದ್ದಳು. ಯಂತ್ರದ ಸದ್ದು. ನಡುವೆ ಅವಳು.

“ಏನಾಯ್ತೋ?”

“ಗೆದ್ದೆ ಅಕ್ಕ.”

ಸದ್ದು ಮಾತ್ರ. ಅಳುತ್ತಿದ್ದಳೋ ಉಸಿರು ಎಳೆಯುತ್ತಿದ್ದಳೋ ತಿಳಿಯಲಿಲ್ಲ.

“ನಿನ್ನ ಕಾಗದ ನೋಡೇ ಒಪ್ಪಿದ್ರಂತೆ. ಜಡ್ಜಮ್ಮ ಎರಡು ಸಲ ಓದಿದ್ರಂತೆ.”

“ನಾನ್… ಹೇಳ್ಲಿಲ್ವಾ.”

ಹೌದು ಎಂದೆ. ಅವಳು ಉಸಿರು ತುಂಬಿಕೊಳ್ಳಲೆಂದು ಕಾದೆ. ಯಾವತ್ತು ಬರ್ತೀಯ ಎಂದು ಕೇಳುತ್ತಾಳೆ ಎಂದು ಗೊತ್ತಿತ್ತು. ಕೇಳಿದಳು.

ಆಗ ಹೇಳಿದೆ. ನೀರು ಸರಬರಾಜಿನವರದು ಒಂದು ದೊಡ್ಡ ಕೆಲಸ ಬಂದುಬಿಟ್ಟಿದೆ, ಊರಿನ ಪಂಪೆಲ್ಲ ನಮ್ಮ ಶೆಡ್ಡಿಗೇ ಬರುತ್ತಿವೆ, ಹಗಲೂ ರಾತ್ರಿ ಕೆಲಸ, ನಾನು ತಲೆಯ ಮೇಲೆ ನಿಲ್ಲದಿದ್ದರೆ ಈ ನಲವತ್ತು ಜನ ತಂತಿಯಲ್ಲಿ ಕೈ ಕಟ್ಟಿಕೊಂಡು ಕೂರುತ್ತಾರೆ, ಉದ್ದಮೂಗ ಬೇರೆ ಜ್ವರ ಎಂದು ಮಲಗಿದ್ದಾನೆ. ಬೇಸಿಗೆಗೆ ಬರುತ್ತೇನೆ. ಹಿಮ ಕರಗಿದ ಮೇಲೆ. ಬಾಯಿ ತಾನಾಗಿ ಆಡುತ್ತ ಹೋಯಿತು. ಇಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ.

ಬೈಯುತ್ತಾಳೆಂದು ಕಾದೆ. ಬೈಯಲಿ ಎಂದು ಬೇಡಿಕೊಂಡೆ.

“ದೊಡ್ಡ… ಮನುಷ್ಯ ಆಗ್ಬಿಟ್ಟೆ ಕಣೋ.”

ಕೋಪವಿತ್ತು. ಬೇಸರವಿತ್ತು. ಅದರ ಕೆಳಗೆ ಇನ್ನೊಂದು ಇತ್ತು. ಏಳನೇ ಕ್ಲಾಸು ಬಿಟ್ಟ ದಿನದಿಂದ ಅವಳ ಬಾಯಲ್ಲಿ ಕೇಳಬೇಕೆಂದಿದ್ದದ್ದು.

ಆಮೇಲೆ, ಕೋರ್ಟು ಕಚೇರಿ ಎಂದು ಎಷ್ಟು ದುಡ್ಡು ಕಳ್ಕೊಂಡೆ ಎಂದು ಕೇಳಿದಳು. ನನಗದೇನು ಲೆಕ್ಕವಾ ಅಕ್ಕ, ನಲವತ್ತು ಜನರ ಒಂದು ದಿನದ ಟೀ ಖರ್ಚು ಎಂದೆ. ಹೂಂ ಎಂದಳು. ನಿದ್ದೆ ಬರ್ತಿದೆ ಎಂದಳು. ಪುಟ್ಟಿ ಫೋನು ತೆಗೆದುಕೊಂಡು ಇಟ್ಟಳು.

ಶೆಡ್ಡಿಗೆ ಬಂದು ಕೂತಿದ್ದೇನೆ. ಬಾಗಿಲು ಅರ್ಧ ಎಳೆದಿದೆ. ಹೆಂಡತಿಗೆ ಒಂದು ಲಕ್ಷ ಎಂದು ಹೇಳಿದ್ದೇನೆ. ಪುಟ್ಟಿಗೆ ಅದಕ್ಕಿಂತ ಕಡಿಮೆ. ಇಲ್ಲಿ ಯಾರೂ ಓದುವವರಿಲ್ಲ. ಏಜೆಂಟಿಗೆ, ಕೋರ್ಟಿಗೆ, ಅನುವಾದದವನಿಗೆ, ಅಲ್ಲಿಯ ವಕೀಲೆಗೆ, ಆ ಕಿಟಕಿ ಪಕ್ಕದ ಸೀಟಿಗೆ — ಎಲ್ಲ ಕೂಡಿಸಿ ನಾಲ್ಕು ಲಕ್ಷದ ಅರವತ್ತೆರಡು ಸಾವಿರ. ದುಡ್ಡಿನ ಲೆಕ್ಕ ಇಷ್ಟು. ಇನ್ನು ಅಕ್ಕನ ಲೆಕ್ಕ ಬರೆಯಲು ಹೋದೆ, ಎಣಿಕೆ ತಪ್ಪಿತು.